ಉದ್ಯಾನದ ಕೆಳಗಿನ ಮಣ್ಣು

ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ವಿದ್ಯುತ್ ಪರಿವರ್ತಕಗಳನ್ನೂ ಮೋಟಾರುಗಳನ್ನೂ ತಯಾರಿಸುತ್ತಿದ್ದ ಸರ್ಕಾರಿ ಉದ್ದಿಮೆ ಎನ್‌ಜಿಇಎಫ್ 2002ರಲ್ಲಿ ಮುಚ್ಚಿತು. ಯಂತ್ರಗಳು ನಿಂತ ಮೇಲೆ ಎರಡು ದಶಕ ಆ ಆವರಣದಲ್ಲಿ ಮರಗಿಡಗಳು ತಮ್ಮಷ್ಟಕ್ಕೆ ತಾವು ಬೆಳೆದವು. ಅಲ್ಲಿನ 105 ಎಕರೆಯಲ್ಲಿ 65 ಎಕರೆಯನ್ನು ವೃಕ್ಷೋದ್ಯಾನ ಮಾಡುವುದಾಗಿ ರಾಜ್ಯ ಸರ್ಕಾರ 2024ರಲ್ಲಿ ಪ್ರಕಟಿಸಿತು. ಚಿನ್ನದ ಬೆಲೆಯ ನೆಲ ಕಟ್ಟಡಗಳ ಪಾಲಾಗದೆ ಮರಗಳ ಪಾಲಾಗುವುದು ಸ್ವಾಗತಾರ್ಹವೇ ಸರಿ.

ಆದರೆ ಹಸಿರು ಕಂಡ ಮಾತ್ರಕ್ಕೆ ಮಣ್ಣು ಶುದ್ಧವೆನ್ನಲಾಗದು. ಇಂಥ ಕಾರ್ಖಾನೆಗಳ ನೆಲಕ್ಕೆ ಸಾಮಾನ್ಯವಾಗಿ ಪರಿವರ್ತಕದ ತೈಲ, ಬಣ್ಣ, ಲೋಹಲೇಪನದ ರಾಸಾಯನಿಕಗಳು ಇಳಿದಿರುತ್ತವೆ. ಸೀಸ, ಕ್ಯಾಡ್ಮಿಯಂನಂತಹ ಭಾರಲೋಹಗಳು ಕೊಳೆತು ಹೋಗುವುದಿಲ್ಲ. ಬೇರಿನಿಂದ ಎಲೆಗೇರಿ, ಉದುರಿದ ಎಲೆಯೊಡನೆ ಮೇಲ್ಮಣ್ಣಿಗೆ ಮರಳುತ್ತವೆ. ಆ ಧೂಳಿನಲ್ಲಿ ಆಡುವವರು ಮಕ್ಕಳು.

ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ 1985ರಲ್ಲಿ ಮುಚ್ಚಿದ ಉಕ್ಕಿನ ಕಾರ್ಖಾನೆಯ ನೆಲ 1994ರಲ್ಲಿ ಉದ್ಯಾನವಾಗಿ ತೆರೆಯಿತು. ವಿನ್ಯಾಸಕಾರ ಪೀಟರ್ ಲಾಟ್ಸ್ ಕಲುಷಿತ ನೆಲವನ್ನು ಮರೆಮಾಚಲಿಲ್ಲ. ಅತಿ ವಿಷಮಯ ಮಣ್ಣನ್ನು ಹಳೆಯ ಕಾಂಕ್ರೀಟ್ ಕೋಠಿಗಳಲ್ಲಿ ಮುಚ್ಚಿಡಲಾಯಿತು. ಉಳಿದೆಡೆ ಸಸ್ಯಗಳಿಗೂ ಕಾಲಕ್ಕೂ ಅವಕಾಶ ನೀಡಲಾಯಿತು.

ಈ ಪ್ರಶ್ನೆ ರಾಜಧಾನಿಗೆ ಮಾತ್ರ ಸೇರಿದ್ದಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ದುಡಿಮೆಗೆಂದು ಬೆಂಗಳೂರು ಸೇರಿದ ಕುಟುಂಬಗಳಿಗೂ ಇಂಥ ಉದ್ಯಾನಗಳೇ ರಜೆಯ ದಿನದ ಕಾಡು. ಅವರ ತವರು ಜಿಲ್ಲೆ ವಿಜಯಪುರ ರಾಜ್ಯದಲ್ಲಿ ಅತಿ ಕಡಿಮೆ ಅರಣ್ಯವುಳ್ಳ ಜಿಲ್ಲೆಗಳಲ್ಲೊಂದು. ಅಲ್ಲಿಯೇ, ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಕೂಡಗಿಯಲ್ಲಿ, 2,400 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ಕಲ್ಲಿದ್ದಲು ಉರಿಸುತ್ತಿದೆ. ಅದೂ ಒಂದು ದಿನ ಹಳೆಯದಾಗಿ ನಿಲ್ಲುತ್ತದೆ. ಅಂದು ಬೂದಿಯ ಮೇಲೆ ಬೇವು, ಹೊಂಗೆ ನೆಟ್ಟು ಉದ್ಯಾನವೆಂದು ಫಲಕ ತೂಗುಹಾಕಿದರೆ ಸಾಕೆ?

ಮಲೆನಾಡಿಗೂ ಈ ಪಾಠ ಹೊಸದಲ್ಲ. ಕುದುರೆಮುಖದಲ್ಲಿ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಲಕ್ಯಾ ಅಣೆಕಟ್ಟೆಯ ಹಿಂದೆ ಅದಿರಿನ ಹೂಳು ಇಂದಿಗೂ ನಿಂತಿದೆ. ಲಾಭ ಹೊರಟುಹೋಗುತ್ತದೆ, ಹೂಳು ಊರಿನವರ ಪಾಲಿಗೆ ಉಳಿಯುತ್ತದೆ.

ಆದ್ದರಿಂದ ಬೈಯಪ್ಪನಹಳ್ಳಿಯಲ್ಲಿ ಮೊದಲು ಆಗಬೇಕಾದುದು ಮಣ್ಣು ಮತ್ತು ಅಂತರ್ಜಲದ ಪರೀಕ್ಷೆ. ಸಸಿ ನೆಡುವ ಸಮಾರಂಭ ಆಮೇಲಿನದು. ಪರೀಕ್ಷೆಯ ಫಲಿತಾಂಶವನ್ನು ಉದ್ಯಾನದ ಬಾಗಿಲಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು. ತಾವಾಗಿ ಬೆಳೆದ ಮರಗಳನ್ನು ಹುಲ್ಲುಹಾಸಿಗಾಗಿ ಕಡಿಯಬಾರದು. ಇನ್ನು ಮುಂದೆ ಯಾವುದೇ ಕಾರ್ಖಾನೆಗೆ ಅನುಮತಿ ಕೊಡುವಾಗಲೇ ಅದು ಮುಚ್ಚಿದ ದಿನ ನೆಲವನ್ನು ಶುದ್ಧಗೊಳಿಸುವ ಹಣವನ್ನು ಠೇವಣಿಯಾಗಿ ಇರಿಸಿಕೊಳ್ಳಬೇಕು. ಉದ್ಯಾನಕ್ಕೆ ಹೋಗುವ ವಿದ್ಯಾರ್ಥಿಗಳು ಮರಗಳ ಹೆಸರಿನೊಡನೆ ಮಣ್ಣಿನ ವರದಿಯನ್ನೂ ಕೇಳಲಿ.