ಬಾಲ್ದಿ ಹೊತ್ತವನಿಗೆ ರಿಯಾಯಿತಿ ಎಲ್ಲಿ?

ನೀರು ಉಳಿಸುವ ಸಂಡಾಸು ಹಾಕಿಸಿದ ಮನೆಯೊಡೆಯರಿಗೆ ಹಣ ಮರಳಿಸುವುದು ಕೆಟ್ಟ ಯೋಜನೆಯಲ್ಲ. ನ್ಯೂಯಾರ್ಕ್ ನಗರ 1994ರಿಂದ 1997ರವರೆಗೆ ಹೀಗೆಯೇ ಸುಮಾರು 13 ಲಕ್ಷ ಸಂಡಾಸುಗಳನ್ನು ಬದಲಿಸಿತು. ಬಾಡಿಗೆಯ ಕಟ್ಟಡಗಳೂ ಅದರಲ್ಲಿ ಸೇರಿದ್ದವು.

ಆದರೆ ಠಾಣೆ, ಡೊಂಬಿವಲಿ, ಕಲ್ಯಾಣಗಳ ಚಾಳುಗಳಲ್ಲಿ? ಹಲವು ಸಂಸಾರಗಳಿಗೆ ಒಂದೇ ಸಂಡಾಸು, ಕೈಯಲ್ಲಿ ಬಾಲ್ದಿ! ಹೋಟೆಲಿನಲ್ಲಿ ದುಡಿದು ಬಂದವನು ಅರ್ಧ ಬಾಲ್ದಿಯಲ್ಲಿ ಮುಗಿಸಿ ವರ್ಷಗಳಿಂದ ನೀರು ಉಳಿಸುತ್ತಲೇ ಇದ್ದಾನೆ. ಅವನಿಗೆ ಯಾರು ಏನು ಕೊಟ್ಟರು? ಬಾರ್ವಿ ಅಣೆಕಟ್ಟಿನ ನೀರು ಬ್ಲಾಕಿನ ಒಡೆಯರಿಗಷ್ಟೇ ಸೇರಿದ್ದೇ?

ರಿಯಾಯಿತಿ ಕೊಡುವುದಾದರೆ ಚಾಳಿನ ಸಂಡಾಸಿನಿಂದಲೇ ಆರಂಭವಾಗಲಿ. ಸೋರುವ ನಳ ಮೊದಲು ದುರಸ್ತಿಯಾಗಲಿ. ಹಣ ಪಡೆದ ಮಾಲಿಕ ಬಾಡಿಗೆ ಏರಿಸಕೂಡದೆಂಬ ಕರಾರು ಇರಲಿ. ಇದು ಭಿಕ್ಷೆಯಲ್ಲ, ಹಕ್ಕು!