ಅತಿಥಿಗೆ ಉಂಟು, ಗೈಡಿಗೆ ಇಲ್ಲ

ನಮ್ಮಲ್ಲಿ ಮಾರಾಟವಾಗುವ ಆರೋಗ್ಯ ವಿಮಾ ಪಾಲಿಸಿಗಳ ಹಿಂಬದಿಯ ಸಣ್ಣಕ್ಷರಗಳಲ್ಲಿ ಒಂದು ಷರತ್ತು ಇರುತ್ತದೆ. ಎಲ್ಲ ಕಂಪನಿಗಳಿಗೂ ಒಂದೇ ಒಕ್ಕಣೆ ಇರಲೆಂದು ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) 2019ರಲ್ಲಿ ರೂಪಿಸಿದ ಪಟ್ಟಿಯಿಂದ ಬಂದದ್ದು ಅದು. ಅಪಾಯಕಾರಿ ಸಾಹಸ ಕ್ರೀಡೆಗಳಲ್ಲಿ ‘ವೃತ್ತಿಪರರಾಗಿ’ ತೊಡಗಿ ಪೆಟ್ಟಾದರೆ ಚಿಕಿತ್ಸೆಯ ಖರ್ಚು ಕೊಡುವುದಿಲ್ಲ ಎನ್ನುವುದು ಅದರ ಸಾರ. ಉದಾಹರಣೆಗಳ ಸಾಲಿನಲ್ಲಿ ಪರ್ವತಾರೋಹಣ, ರ‍್ಯಾಫ್ಟಿಂಗ್, ಮೋಟಾರು ರೇಸಿನ ಜೊತೆ ಸ್ಕೂಬಾ ಡೈವಿಂಗ್ ಕೂಡ ಇದೆ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಂದು ಕರಾವಳಿಯ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿಯುವ ಸಾಫ್ಟ್‌ವೇರ್ ಉದ್ಯೋಗಿಗೆ ಈ ಷರತ್ತು ತಾಗುವುದಿಲ್ಲ. ಅವನ ಸಿಲಿಂಡರನ್ನು ಹಿಂದಿನಿಂದ ಹಿಡಿದುಕೊಂಡು ಅಷ್ಟೇ ಆಳದಲ್ಲಿ ಈಜುವ ಗೈಡಿಗೆ ತಾಗುತ್ತದೆ.

ದಿನವೂ ಅಪಾಯಕ್ಕೆ ಇಳಿಯುವವನಿಗೂ ವರ್ಷಕ್ಕೊಮ್ಮೆ ಇಳಿಯುವವನಿಗೂ ಒಂದೇ ಪ್ರೀಮಿಯಂ ಹಾಕಲು ಯಾವ ಕಂಪನಿಯೂ ಒಪ್ಪದು, ನಿಜ. ಹಾಗಾದರೆ ಹೆಚ್ಚು ಪ್ರೀಮಿಯಂ ಕೇಳಬಹುದಿತ್ತು. ಕೇಳದೆ ಬಾಗಿಲನ್ನೇ ಹಾಕಿದ್ದಾರೆ. ಡೈವರ್‌ಗಳು ‘ಬೆಂಡ್ಸ್’ ಎಂದು ಕರೆಯುವ ಡಿಕಂಪ್ರೆಷನ್ ಸಿಕ್‌ನೆಸ್‌ನಲ್ಲಿ ಇದು ಬರೀ ದುಡ್ಡಿನ ತಾಪತ್ರಯವಾಗಿ ಉಳಿಯುವುದಿಲ್ಲ. ವಿಮೆ ಇಲ್ಲದ ಕಾರಣಕ್ಕೇ ಕಾಯಿಲೆ ಉಲ್ಬಣಿಸುತ್ತದೆ.

ಈ ಕಾಯಿಲೆ ಬರುವುದು ಹೀಗೆ. ಗಾಳಿಯ ಐದರಲ್ಲಿ ನಾಲ್ಕು ಪಾಲಿಗೆ ಹತ್ತಿರ ಸಾರಜನಕ. ಸಮುದ್ರದಲ್ಲಿ ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ದುಪ್ಪಟ್ಟು, ಇಪ್ಪತ್ತು ಮೀಟರ್ ಇಳಿದರೆ ಮೂರು ಪಟ್ಟು. ಒತ್ತಡ ಏರಿದಷ್ಟೂ ಉಸಿರಿನ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ, ನರಗಳಲ್ಲಿ ಹೆಚ್ಚು ಕರಗುತ್ತದೆ. ನಿಧಾನಕ್ಕೆ ಮೇಲೆ ಬಂದರೆ ಅದು ಶ್ವಾಸಕೋಶದ ಮೂಲಕ ಹೊರಹೋಗುತ್ತದೆ. ಅವಸರಿಸಿದರೆ ಮೈಯೊಳಗೇ ಗುಳ್ಳೆ ಏಳುತ್ತದೆ. ಭುಜದ ಕೀಲಿನಲ್ಲಿ ಎದ್ದರೆ ನೋವು, ಬೆನ್ನುಹುರಿಯಲ್ಲಿ ಎದ್ದರೆ ಕಾಲಿನ ಸ್ವಾಧೀನವೇ ಹೋಗಬಹುದು. ಹತ್ತೊಂಬತ್ತನೇ ಶತಮಾನದಲ್ಲಿ ಇದು ಗಣಿ ಮತ್ತು ಸೇತುವೆ ಕಾರ್ಮಿಕರ ರೋಗವಾಗಿತ್ತು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯಕ್ಕೆ ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಗಳಲ್ಲಿ ಇಳಿದವರು ಇದರಿಂದ ನರಳಿದರು, ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕೂಡ ಹಾಸಿಗೆ ಹಿಡಿದ. ಎಷ್ಟು ಆಳದಿಂದ ಎಷ್ಟು ನಿಧಾನ ಬರಬೇಕೆಂಬ ಲೆಕ್ಕವನ್ನು ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು ಆಡುಗಳ ಮೇಲೆ ಪ್ರಯೋಗಿಸಿ 1908ರಲ್ಲಿ ಪ್ರಕಟಿಸಿದರು.

ನೇತ್ರಾಣಿಯಲ್ಲಿ ಮೊದಲ ಸಲ ನೀರಿಗಿಳಿಯುವವರನ್ನು ಹನ್ನೆರಡು ಮೀಟರಿಗಿಂತ ಕೆಳಗೆ ಒಯ್ಯುವಂತಿಲ್ಲ. ಆ ಆಳಕ್ಕೆ ಒಮ್ಮೆ ಇಳಿದು ಬಂದವರಿಗೆ ಬೆಂಡ್ಸ್ ತಗಲುವುದು ಅಪರೂಪ, ಪ್ರವಾಸಿಗರು ಗಾಬರಿಯಾಗಬೇಕಿಲ್ಲ. ಗೈಡಿನ ಲೆಕ್ಕ ಬೇರೆ. ಒಬ್ಬ ಅತಿಥಿಯನ್ನು ಕರೆತಂದು ಬಿಟ್ಟು, ದೋಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕಾಯುತ್ತಿರುವ ಮುಂದಿನವರ ಜೊತೆ ಮತ್ತೆ ಇಳಿಯಬೇಕು. ಮೇಲೆ ಕೆಳಗೆ, ಮೇಲೆ ಕೆಳಗೆ. ಹಿಂದಿನ ಸರದಿಯ ಸಾರಜನಕ ಪೂರ್ತಿ ಹೋಗಿರುವುದಿಲ್ಲ, ಹೊಸದು ಸೇರುತ್ತದೆ. ನಡುವೆ ಬಂಡೆಗೆ ಸಿಕ್ಕ ಲಂಗರು ಬಿಡಿಸಬೇಕು. ಖಾಲಿಯಿದ್ದಾಗಲೇ ಹದಿನಾಲ್ಕು ಕಿಲೊ ತೂಗುವ ಅಲ್ಯೂಮಿನಿಯಂ ಸಿಲಿಂಡರುಗಳನ್ನು ಎತ್ತಿಕೊಡಬೇಕು. ಅತಿಥಿ ದಿಗಿಲುಬಿದ್ದು ಮೇಲಕ್ಕೆ ನುಗ್ಗಿದರೆ ಗೈಡು ಅವನ ಜೊತೆಗೇ ನುಗ್ಗುತ್ತಾನೆ, ಕೈಬಿಡುವ ಹಾಗಿಲ್ಲ. ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ವೇಗವಾಗಿ ಏರಬಾರದು, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು ಎಂಬ ಪಾಠವೆಲ್ಲ ಆ ಕ್ಷಣಕ್ಕೆ ಪುಸ್ತಕದಲ್ಲೇ ಉಳಿಯುತ್ತದೆ.

ಸಂಜೆ ಭುಜ ನೋಯುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಸಿಲಿಂಡರ್ ಎತ್ತಿದ್ದಕ್ಕಿರಬೇಕು ಎಂದು ಒಂದು ನೋವಿನ ಮಾತ್ರೆ ನುಂಗಿ ಮಲಗಿದರೆ ಬೆಳಿಗ್ಗೆ ಮತ್ತೆ ದೋಣಿ. ಕೂಡಲೇ ಮಾಡಬೇಕಾದದ್ದು ಶುದ್ಧ ಆಮ್ಲಜನಕ ಉಸಿರಾಡಿ ವೈದ್ಯರಿಗೆ ತೋರಿಸುವುದು. ಆದರೆ ಆಮ್ಲಜನಕದ ಕಿಟ್ ಕೇಳಿದರೆ ‘ನನಗೆ ಬೆಂಡ್ಸ್ ಆಗಿದೆ’ ಎಂದು ಡಂಗುರ ಸಾರಿದ ಹಾಗೆ. ಆಮೇಲೆ ವಾರಗಟ್ಟಲೆ ನೀರಿಗಿಳಿಯುವಂತಿಲ್ಲ. ಮಳೆಗಾಲದಲ್ಲಿ ಹೇಗೂ ಕೆಲಸವಿಲ್ಲದವನು ಸೀಸನ್ನಿನ ನಡುವೆ ಕೂಲಿ ಬಿಟ್ಟು ಕೂರಬೇಕು, ಜೊತೆಗೆ ಆಸ್ಪತ್ರೆಯ ಖರ್ಚು. ಇಂಥವನು ನೋವನ್ನು ಮುಚ್ಚಿಟ್ಟರೆ ಅದನ್ನು ಅಜ್ಞಾನ ಎಂದು ತಳ್ಳಿಹಾಕಲಾರೆ. ಅವನ ಜೇಬಿನ ಲೆಕ್ಕ ಸರಿಯಾಗಿಯೇ ಇದೆ, ಅವನನ್ನು ಆ ಲೆಕ್ಕಕ್ಕೆ ದೂಡಿದವರು ಬೇರೆ.

ಚಿಕಿತ್ಸೆ ಇಲ್ಲದ ರೋಗವಲ್ಲ ಇದು. ಉಕ್ಕಿನ ಚೇಂಬರಿನಲ್ಲಿ ರೋಗಿಯನ್ನು ಕೂರಿಸಿ ಹದಿನೆಂಟು ಮೀಟರ್ ಆಳದ ಒತ್ತಡ ತುಂಬಿ ಆಮ್ಲಜನಕ ಕೊಡುತ್ತಾರೆ. ಎಲ್ಲೆಡೆ ಬಳಕೆಯಲ್ಲಿರುವ ಅಮೆರಿಕ ನೌಕಾಪಡೆಯ ಕ್ರಮದ ಪ್ರಕಾರ ಒಂದು ಸರದಿಗೆ ಸುಮಾರು ಐದು ತಾಸು ಬೇಕು, ಬೇಕಾದರೆ ಮರುದಿನವೂ. ಬೇಗ ಸಿಕ್ಕಿದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು. ನಮ್ಮಲ್ಲಿ ಇದರಲ್ಲಿ ಪಳಗಿದ ಕೈ ನೌಕಾಪಡೆಯ ವೈದ್ಯರದ್ದು. ಆದರೆ ಊರಿನವರು ದೊಡ್ಡ ಆಸ್ಪತ್ರೆ ಎಂದೊಡನೆ ಬೆಂಗಳೂರಿನತ್ತ ಕೈ ತೋರಿಸುತ್ತಾರೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಎತ್ತರದಲ್ಲಿ. ಘಟ್ಟ ಹತ್ತಿದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಮೈಯೊಳಗಿನ ಗುಳ್ಳೆ ಹಿಗ್ಗುತ್ತದೆ. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದವರು ಕನಿಷ್ಠ ಹದಿನೆಂಟು ತಾಸು ವಿಮಾನ ಏರಬಾರದೆಂಬ ನಿಯಮದ ಹಿಂದಿರುವುದೂ ಇದೇ. ರೋಗಿಯನ್ನು ಎಲ್ಲಿಗೆ, ಯಾವ ದಾರಿಯಲ್ಲಿ, ಯಾರ ಖರ್ಚಿನಲ್ಲಿ ಸಾಗಿಸಬೇಕು ಎನ್ನುವುದು ಆಂಬುಲೆನ್ಸ್ ಬಂದು ನಿಂತಾಗ ಚರ್ಚಿಸುವ ವಿಷಯವಲ್ಲ.

ಕಾನೂನಿಗೆ ಈ ರೋಗದ ಪರಿಚಯ ಇಲ್ಲವೆನ್ನುವ ಹಾಗೂ ಇಲ್ಲ. ‘ಒತ್ತಡದ ಗಾಳಿಯಲ್ಲಿ ಮಾಡುವ ಕೆಲಸದಿಂದ ಬರುವ ಕಾಯಿಲೆ’ಗಳು 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲೇ ಇದ್ದವು, 2020ರ ಸಾಮಾಜಿಕ ಭದ್ರತಾ ಸಂಹಿತೆಗೂ ಆ ಪಟ್ಟಿ ಬಂದಿದೆ. ಸಿಲಿಂಡರಿನ ಗಾಳಿ ಉಸಿರಾಡುತ್ತಾ ಮಾಡುವ ಕೆಲಸ ಅದರಲ್ಲಿ ಸೇರುತ್ತದೆಂದು ವಾದಿಸಲು ಧಾರಾಳ ಅವಕಾಶವಿದೆ. ತೊಡಕು ಬರುವುದು ಅದಕ್ಕೂ ಮೊದಲು: ಗೈಡು ನೌಕರನೇ? ನೇಮಕಾತಿ ಪತ್ರವಿಲ್ಲದೆ, ಅತಿಥಿಯ ಲೆಕ್ಕದಲ್ಲೋ ದಿನದ ಲೆಕ್ಕದಲ್ಲೋ ದುಡಿಯುವವನನ್ನು ಮಾಲೀಕ ‘ಫ್ರೀಲಾನ್ಸರ್’ ಎಂದು ಕರೆದು ಕೈತೊಳೆದುಕೊಳ್ಳಬಹುದು. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆ ಆ್ಯಪ್‌ಗಳ ಮೂಲಕ ದುಡಿಯುವವರಿಗಷ್ಟೇ. ಡೈವಿಂಗ್ ಗೈಡು ಅಲ್ಲೂ ಸಲ್ಲ.

ಹೊರದೇಶಗಳಲ್ಲಿ ಈ ಹೊಣೆಯ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಹೊಂಡುರಾಸ್‌ನಲ್ಲಿ ಲಾಬ್‌ಸ್ಟರ್ ಹಿಡಿಯಲು ಮುಳುಗಿ ಅಂಗವಿಕಲರಾದ, ಸತ್ತ ಮಿಸ್ಕಿಟೊ ಬುಡಕಟ್ಟಿನ 42 ಮಂದಿಯ ಪ್ರಕರಣ ಅಮೆರಿಕ ಖಂಡದ ಮಾನವ ಹಕ್ಕು ನ್ಯಾಯಾಲಯದವರೆಗೂ ಹೋಯಿತು. ಅಪಾಯದ ಉದ್ಯಮದ ಮೇಲೆ ಕಣ್ಣಿಡದ ಸರ್ಕಾರವೂ ಹೊಣೆಗಾರ ಎಂದು 2021ರ ಆಗಸ್ಟ್‌ನಲ್ಲಿ ಅದು ಹೇಳಿತು. ಬ್ರಿಟನ್ನಿನಲ್ಲಿ ಸಂಬಳಕ್ಕೆ ಡೈವಿಂಗ್ ಕಲಿಸುವವರೂ 1997ರ ಔದ್ಯೋಗಿಕ ಡೈವಿಂಗ್ ನಿಯಮಗಳಡಿ ಬರುತ್ತಾರೆ, ವರ್ಷವರ್ಷವೂ ವೈದ್ಯಕೀಯ ತಪಾಸಣೆಗೆ ಒಳಪಡುತ್ತಾರೆ. ನಮ್ಮ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ 2018ರ ಸಾಹಸ ಪ್ರವಾಸೋದ್ಯಮ ಮಾರ್ಗಸೂಚಿ ಸ್ಕೂಬಾದ ಬಗ್ಗೆ ಹೇಳುತ್ತದೆಯಾದರೂ ಮಾರ್ಗಸೂಚಿಗೆ ಕಾನೂನಿನ ಹಲ್ಲಿಲ್ಲ.

ಸದ್ಯಕ್ಕೆ ಗೈಡುಗಳಿಗೆ ಇರುವ ಆಸರೆ ಡ್ಯಾನ್‌ನಂಥ ಅಂತರರಾಷ್ಟ್ರೀಯ ಡೈವರ್ ಸಂಸ್ಥೆಗಳ ಪಾಲಿಸಿ. ವೃತ್ತಿಪರರಿಗೆಂದೇ ಮಾಡಿದ್ದು ಅದು, ಆದರೆ ಗೈಡು ಸ್ವಂತ ದುಡ್ಡಿನಿಂದ ಕಟ್ಟಬೇಕು. ಐಆರ್‌ಡಿಎಐ ತನ್ನ ಷರತ್ತನ್ನು ಸಡಿಲಿಸಿ, ಹೆಚ್ಚುವರಿ ಪ್ರೀಮಿಯಂ ಪಡೆದು ವೃತ್ತಿಪರರನ್ನೂ ಸೇರಿಸಿಕೊಳ್ಳಿ ಎಂದು ಕಂಪನಿಗಳಿಗೆ ಹೇಳಬೇಕು. ಅದು ಆಗುವವರೆಗೆ ಪ್ರವಾಸೋದ್ಯಮ ಇಲಾಖೆ ಕಾಯಬೇಕಿಲ್ಲ: ನೀರಿಗಿಳಿಯುವ ಪ್ರತಿ ಸಿಬ್ಬಂದಿಯ ಹೆಸರಿನಲ್ಲಿ ಚೇಂಬರ್ ಚಿಕಿತ್ಸೆ, ಸಾಗಾಟ, ನೀರಿನಿಂದ ಹೊರಗಿರುವ ದಿನಗಳ ಕೂಲಿ ಇವಿಷ್ಟನ್ನೂ ಒಳಗೊಂಡ ವಿಮೆ ಇಲ್ಲದಿದ್ದರೆ ಡೈವಿಂಗ್ ನಡೆಸಲು ಅನುಮತಿ ಇಲ್ಲ ಎಂದರಾಯಿತು. ದರ ಏರಿಸಬೇಕಾಗುತ್ತದೆ ಎಂದು ದೋಣಿ ಮಾಲೀಕರು ಗೊಣಗಬಹುದು. ‘ಗಂಧದ ಗುಡಿ’ ಚಿತ್ರದಲ್ಲಿ ನಟ ಪುನೀತ್ ಮುಳುಗಿದ ಕಡಲನ್ನು ತಾನೂ ನೋಡಬೇಕೆಂದು ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ಕೆಲವು ಸಾವಿರ ರೂಪಾಯಿ ತೆತ್ತು ನೀರಿಗಿಳಿಯುವವನು, ಗೈಡಿನ ವಿಮೆಗೆಂದು ಇನ್ನಷ್ಟು ಕೇಳಿದರೆ ಅರ್ಧದಾರಿಯಿಂದಲೇ ವಾಪಸು ಹೋಗುತ್ತಾನೆಂದು ನನಗೇನೂ ಅನ್ನಿಸುವುದಿಲ್ಲ.