ಗುಪ್ತ ಉಪಗ್ರಹಗಳ ಬೆನ್ನು ಹತ್ತಿದವರು

ಕತ್ತಲಾದ ಮೇಲೆ ಒಂದೆರಡು ಗಂಟೆ, ಬೆಳಗಾಗುವ ಮುನ್ನ ಅಷ್ಟೇ ಹೊತ್ತು ಉಪಗ್ರಹ ನೋಡಲು ಹದವಾದ ಸಮಯ. ನೆಲಕ್ಕೆ ಇರುಳು ಕವಿದಿದ್ದರೂ ನೂರಾರು ಕಿಲೋಮೀಟರ್ ಮೇಲೆ ಇನ್ನೂ ಬಿಸಿಲಿರುತ್ತದೆ. ವಿಮಾನದಂಥ ಕೆಂಪು ದೀಪವಿಲ್ಲದ ಚುಕ್ಕೆಯೊಂದು ಸದ್ದಿಲ್ಲದೆ ಸಾಗಿ, ಭೂಮಿಯ ನೆರಳು ಹೊಕ್ಕೊಡನೆ ಮರೆಯಾಗುತ್ತದೆ.

ಹವ್ಯಾಸಿಗಳು ಅಷ್ಟಕ್ಕೇ ನಿಲ್ಲುವುದಿಲ್ಲ. ಗುರುತಿನ ಎರಡು ನಕ್ಷತ್ರಗಳ ನಡುವೆ ಅದು ಯಾವ ಕ್ಷಣದಲ್ಲಿ ಹಾದುಹೋಯಿತೆಂದು ಬರೆದಿಡುತ್ತಾರೆ. ಬೇರೆ ಬೇರೆ ಊರುಗಳ ಇಂಥ ಟಿಪ್ಪಣಿಗಳು ಸೇರಿದರೆ ಕಕ್ಷೆ ಲೆಕ್ಕಕ್ಕೆ ಸಿಗುತ್ತದೆ. ಅಮೆರಿಕ ತನ್ನ ಬೇಹುಗಾರಿಕೆ ಉಪಗ್ರಹಗಳ ಕಕ್ಷೆಯನ್ನು ಪ್ರಕಟಿಸುವುದಿಲ್ಲ. ಜನಸಾಮಾನ್ಯರಿಗೆ ಅವುಗಳ ದಾರಿ ತಿಳಿದಿರುವುದು ಬಹುಪಾಲು ಇವರಿಂದಲೇ.

ಇದು ಕಾಲಹರಣವೆಂದು ಮೂಗು ಮುರಿಯುವವರು 2018ರ ಜನವರಿಯನ್ನು ನೆನೆಯಬೇಕು. ಕೆನಡಾದ ಹವ್ಯಾಸಿ ಸ್ಕಾಟ್ ಟಿಲ್ಲಿ ‘ಝೂಮಾ’ ಎಂಬ ಗುಪ್ತ ಉಪಗ್ರಹದ ರೇಡಿಯೊ ಸಂಕೇತ ಹುಡುಕುತ್ತಿದ್ದಾಗ ಸಿಕ್ಕಿದ್ದು ಬೇರೆಯೇ: ನಾಸಾದ ‘ಇಮೇಜ್’. 2005ರ ಡಿಸೆಂಬರ್‌ನಲ್ಲಿ ಸಂಪರ್ಕ ಕಡಿದುಹೋಗಿ, ಕೈಬಿಟ್ಟಿದ್ದ ಉಪಗ್ರಹವದು. ಕೆಲವೇ ದಿನಗಳಲ್ಲಿ ನಾಸಾ ಅದರ ಗುರುತನ್ನು ದೃಢಪಡಿಸಿತು.

ನಮ್ಮ ಶಾಲೆಗಳ ವಿಜ್ಞಾನ ಸಂಘಗಳೂ ಇದಕ್ಕೆ ಕೈಹಾಕಬೇಕು. ಬೇಕಿರುವುದು ಒಂದು ದುರ್ಬೀನು, ನಿಖರ ಗಡಿಯಾರ, ನಕ್ಷತ್ರ ನಕ್ಷೆ; ಜೊತೆಗೆ, ಮಕ್ಕಳನ್ನು ರಾತ್ರಿ ಮಾಳಿಗೆಗೆ ಕರೆದೊಯ್ಯಲು ಮನಸ್ಸಿರುವ ಮೇಷ್ಟ್ರು.